407 ಬಂದ್ರೆ ಪೈಥಾನ್ ಮತ್ತೆ ಹಾಕೋದು ಬೇಡ

ತಮ್ಮಾ, ದಾವಣಗೆರೆ ಕಾಲೇಜ್ ಲ್ಯಾಬಲ್ಲಿ ಕ್ರೋಮ್‌ನಲ್ಲಿ ಎಲ್ಲಾ ತೆರೀತದೆ, ಆದ್ರೆ ಅಡಿಕೆ ತೋಟದ ತೇವ ಅಳೆಯೋ ಪ್ರಾಜೆಕ್ಟಿಗೆ ಪಿಪ್‌ನಿಂದ (ಪೈಥಾನ್ ಪ್ಯಾಕೇಜ್ ತಂದು ಹಾಕೋ ಪ್ರೋಗ್ರಾಮು) ಪೈಸೀರಿಯಲ್ ಅನ್ನೋ ಸೀರಿಯಲ್ ಪೋರ್ಟ್ ಪ್ಯಾಕೇಜ್ ಹಾಕಕ್ಕೆ ಹೋದ್ರೆ 407 ಎರರ್ ಬರ್ತದೆ ಅಂದಿದ್ದೀಯ. ಪೈಥಾನ್ ತೆಗೆದು ಮತ್ತೆ ಹಾಕು ಅಂತ ಮೇಲಿನ ಉತ್ತರದಲ್ಲಿ ಒಬ್ಬರು ಹೇಳಿದ್ದಾರೆ. ಅದರಿಂದ ಏನೂ ಆಗಲ್ಲ.

407 ಅಂದ್ರೆ ಪಿಪ್ ಪ್ರಾಕ್ಸಿ (ಕಾಲೇಜ್ ನೆಟ್ ಹಾದುಹೋಗೋ ಮಧ್ಯದ ಸರ್ವರ್) ತನಕ ಮುಟ್ಟಿದೆ, ಅಲ್ಲಿ ಪಾಸ್‌ವರ್ಡ್ ಕೇಳ್ತಿದ್ದಾರೆ ಅಂತ. ವಿಳಾಸವೋ ಪೋರ್ಟೋ ತಪ್ಪಿದ್ರೆ ಟೈಮ್‌ಔಟ್ ಬರ್ತಿತ್ತು, ಇಲ್ಲಾ ಕನೆಕ್ಷನ್ ರೆಫ್ಯೂಸ್ಡ್. ಕ್ರೋಮ್ ನಿನಗೆ ಗೊತ್ತಾಗದಂಗೆ ಪಾಸ್‌ವರ್ಡ್ ಕೊಟ್ಟುಬಿಡ್ತದೆ, ಪಿಪ್‌ಗೆ ನಾವೇ ಹೇಳಬೇಕು.

ಕಮಾಂಡ್ ಪ್ರಾಂಪ್ಟಲ್ಲಿ ಸೆಟ್ ಕೊಟ್ಟು ಎಚ್‌ಟಿಟಿಪಿಎಸ್_ಪ್ರಾಕ್ಸಿ ಅನ್ನೋ ವೇರಿಯಬಲ್‌ಗೆ ಯೂಸರ್‌ನೇಮ್, ಕೋಲನ್, ಪಾಸ್‌ವರ್ಡ್, @, ಪ್ರಾಕ್ಸಿ ವಿಳಾಸ, ಕೋಲನ್, ಪೋರ್ಟ್ ಇದೇ ಸಾಲಾಗಿ ಬರಿ. ವೇರಿಯಬಲ್ ಹೆಸರಲ್ಲಿ ಎಸ್ ಇದ್ರೂ ಆ ಇಡೀ ಸಾಲು, ಯೂಸರ್‌ನೇಮಿಗೂ ಮುಂಚೆ, ಶುರುವಾಗೋದು ಸಾಮಾನ್ಯವಾಗಿ ಬರೀ ಎಚ್‌ಟಿಟಿಪಿ:// ಇಂದಲೇ. ಬಹಳ ಜನ ಎಡವೋದು ಇಲ್ಲೇ. = ಚಿಹ್ನೆಯ ಆಕಡೆ ಈಕಡೆ ಜಾಗ ಬಿಡಬೇಡ, ಮುಂಚೆ ಬಿಟ್ರೆ ಆ ಜಾಗ ಹೆಸರಿಗೆ, ಆಮೇಲೆ ಬಿಟ್ರೆ ವಿಳಾಸಕ್ಕೆ ಸೇರಿಕೊಳ್ತದೆ. ಪವರ್‌ಶೆಲ್‌ನಲ್ಲಿ ಈ ಸೆಟ್ ನಡೆಯಲ್ಲ, ಎರರ್ ಕೂಡ ತೋರಿಸಲ್ಲ. ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲೇ ಮಾಡು.

ಇನ್ನು ಪಾಸ್‌ವರ್ಡ್. ಅದರೊಳಗೇ @ ಇದ್ರೆ ವಿಳಾಸ ಅಲ್ಲಿಂದ ಶುರು ಅಂತ ಪಿಪ್ ತಪ್ಪು ತಿಳಿಯಬಹುದು. ಅದರ ಬದಲು %40 ಬರಿ, # ಇದ್ರೆ %23. ಈ ಕಮಾಂಡ್‌ಗಳನ್ನ ಬ್ಯಾಚ್ ಫೈಲಲ್ಲಿ (.bat) ಬರೆದಿಟ್ಟುಕೊಳ್ಳೋದಾದ್ರೆ ಅಲ್ಲಿ % ಎರಡೆರಡು ಸಲ ಹಾಕಬೇಕು.

ಇಷ್ಟಾದ್ರೂ 407 ಹೋಗಲಿಲ್ಲ ಅಂದ್ರೆ, ಕಾಲೇಜ್ ಐಡಿಯಲ್ಲಿ ವಿಂಡೋಸ್ ಲಾಗಿನ್ ಆದ ಮೇಲೆ ಕ್ರೋಮ್ ಯಾವತ್ತಾದ್ರೂ ಪಾಸ್‌ವರ್ಡ್ ಕೇಳಿದೆಯಾ ನೋಡು. ಕೇಳೋದೇ ಇಲ್ಲ ಅಂದ್ರೆ ಅದು ಎನ್‌ಟಿಎಲ್‌ಎಂ (ವಿಂಡೋಸ್ ಲಾಗಿನ್ನನ್ನೇ ಪ್ರಾಕ್ಸಿಗೂ ಬಳಸೋ) ಪದ್ಧತಿ ಇರಬಹುದು, ಪಿಪ್‌ಗೆ ಅದು ಬರಲ್ಲ. ಸಿಎನ್‌ಟಿಎಲ್‌ಎಂ ಅನ್ನೋ ಪುಟ್ಟ ಪ್ರೋಗ್ರಾಮನ್ನ ಅದೇ ಕಂಪ್ಯೂಟರಲ್ಲಿ ಓಡಿಸಿ, ಪಿಪ್‌ಗೆ ಪ್ರಾಕ್ಸಿ ಅಂತ 127.0.0.1 (ಅದೇ ಕಂಪ್ಯೂಟರ್), ಪೋರ್ಟ್ 3128 ತೋರಿಸಿದ್ರೆ ಆಯ್ತು. ಲ್ಯಾಬ್ ನೋಡಿಕೊಳ್ಳೋರನ್ನ ಕೇಳಿಯೇ ಹಾಕು.

407 ಹೋಗಿ 403 ಬಂದ್ರೆ ಪ್ರಾಕ್ಸಿಯೇ ತಡೆದಿರಬಹುದು. ಪಿಪ್ ಪಟ್ಟಿ ನೋಡೋದು ಪೈಪಿಐ ಡಾಟ್ ಆರ್ಗ್‌ನಲ್ಲಿ, ಫೈಲ್ ತರೋದು ಫೈಲ್ಸ್ ಡಾಟ್ ಪೈಥಾನ್‌ಹೋಸ್ಟೆಡ್ ಡಾಟ್ ಆರ್ಗ್‌ನಿಂದ. ಒಂದನ್ನೇ ಬಿಟ್ಟಿದ್ರೆ ಹೆಸರು ಸಿಕ್ಕು ಡೌನ್‌ಲೋಡ್ ನಿಲ್ತದೆ, ಎರಡೂ ತೆರೆಸಬೇಕು. ಟ್ರಸ್ಟೆಡ್ ಹೋಸ್ಟ್ ಹಾಕು ಅಂತ ಇನ್ನೊಬ್ಬರು ಬರೆದಿದ್ದಾರಲ್ಲ, ಅದು ಸರ್ಟಿಫಿಕೇಟ್ ಪರೀಕ್ಷೆಯನ್ನೇ ಬಿಡಿಸೋದು. 407ಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ನಾಳೆಯೇ ರಿವ್ಯೂ ಇದ್ರೆ ಇದೆಲ್ಲ ಬದಿಗಿಡು. ಹರಿಹರದ ಮನೆಯಲ್ಲಿ ಮೊಬೈಲ್ ನೆಟ್ ಹಾಕಿಕೊಂಡು ಪಿಪ್ ಡೌನ್‌ಲೋಡ್ ಪೈಸೀರಿಯಲ್ ಅಂತ ಕೊಟ್ಟು, ಬಂದ ವೀಲ್ ಫೈಲನ್ನ (.whl ಪ್ಯಾಕೇಜ್ ಫೈಲು) ಪೆನ್‌ಡ್ರೈವಲ್ಲಿ ಒಯ್ದು, ಲ್ಯಾಬಲ್ಲಿ ಪಿಪ್ ಇನ್‌ಸ್ಟಾಲ್ ಮುಂದೆ ಆ ಫೈಲಿನ ಹೆಸರೇ ಕೊಡು. ಪೈಸೀರಿಯಲ್ ಶುದ್ಧ ಪೈಥಾನ್, ಯಾವ ವರ್ಷನ್ ಆದ್ರೂ ಕೂರ್ತದೆ. ನಮ್‌ಪೈಯಂಥ ಪ್ಯಾಕೇಜ್ ಹಂಗಲ್ಲ, ಎರಡೂ ಕಡೆ ಪೈಥಾನ್ ವರ್ಷನ್ ಮತ್ತು ವಿಂಡೋಸ್ ಒಂದೇ ಥರ ಇರಬೇಕು.

ಮತ್ತೆ ಎರರ್ ಬಂದ್ರೆ ಪೂರ್ತಿ ಹಾಕು, ಕೊನೇ ಸಾಲು ಮಾತ್ರ ಬೇಡ. ಪಾಸ್‌ವರ್ಡ್ ಅಳಿಸಿ ಹಾಕು. ನಿನ್ನೆಯ ಸ್ಕ್ರೀನ್‌ಶಾಟಲ್ಲಿ ನಿನ್ನ ಯುಎಸ್‌ಎನ್ (ವಿದ್ಯಾರ್ಥಿ ನಂಬರ್) ಕಾಣ್ತಿದೆ, ಅದನ್ನ ಈಗಲೇ ತೆಗಿ.