ಲಂಡನ್ನಿನ ಮೊದಲ ಕ್ರಿಸ್‌ಮಸ್: ಪುಟ್ಟ ಮಕ್ಕಳ ಜೊತೆ ಎಲ್ಲಿಗೆ, ಎಷ್ಟು ಹೊತ್ತಿಗೆ?

ಸೋಮವಾರಪೇಟೆಯಿಂದ ಲಂಡನ್ನಿನ ಪೂರ್ವ ಅಂಚಿನ ಇಲ್ಫರ್ಡಿಗೆ ಬಂದು ಮೂರು ತಿಂಗಳಾಗಿದೆ, ಮಗಳಿಗೆ ಐದು ವರ್ಷ, ಮಗನಿಗೆ ಒಂದೂವರೆ, ಡಿಸೆಂಬರಿಗೆ ಊರಿಂದ ಅಜ್ಜಿಯೂ ಬರುತ್ತಾರೆ, ಎಲ್ಲರೂ ಸೇರಿ 25ನೇ ತಾರೀಕು ಪೇಟೆ ಸುತ್ತಬೇಕೆಂದಿದ್ದೇವೆ, ಏನೇನು ನೋಡಬಹುದು ಅಂತ ಕೇಳಿದ್ದೀರಿ.

ಮೊದಲು 25ರ ಯೋಚನೆ ಕೈಬಿಡಿ. ಅವತ್ತು ಲಂಡನ್ನಿನಲ್ಲಿ ಟ್ಯೂಬ್ (ನೆಲದಡಿಯ ರೈಲು) ಇಲ್ಲ, ಬಸ್ ಇಲ್ಲ, ರೈಲೂ ಇಲ್ಲ. ಇದು ಮುಷ್ಕರವಲ್ಲ, ಪ್ರತಿವರ್ಷ ಹೀಗೆಯೇ. ಮಳೆಗಾಲದಲ್ಲಿ ಮರ ಬಿದ್ದು ಮಾದಾಪುರ ರಸ್ತೆ ಬಂದ್ ಆದರೂ ಯಾವುದಾದರೊಂದು ಜೀಪು ಸಿಕ್ಕೇ ಸಿಗುತ್ತದಲ್ಲ, ಇಲ್ಲಿ ಆ ಭರವಸೆಯೂ ಬೇಡ: ಟ್ಯಾಕ್ಸಿ ಸಿಕ್ಕರೂ ಬಾಡಿಗೆ ಕೇಳಿ ಇಳಿದುಬಿಡುತ್ತೀರಿ. 24ರ ಸಂಜೆ ರೈಲುಗಳು ಬೇಗ ಮುಗಿಯುತ್ತವೆ. 26ರಂದು ಟ್ಯೂಬ್, ಬಸ್ ಕಡಿಮೆ, ದೂರದ ರೈಲು ಇಲ್ಲವೆಂದೇ ಲೆಕ್ಕ. ಹಳಿ ರಿಪೇರಿಯನ್ನೂ ಈ ರಜೆಗೇ ಇಟ್ಟುಕೊಳ್ಳುವುದರಿಂದ 27ರ ನಂತರವೂ ಇಲ್ಫರ್ಡಿನಿಂದ ಪೇಟೆಗೆ ಹೋಗುವ ನಿಮ್ಮ ಎಲಿಜಬೆತ್ ಲೈನ್ ರೈಲು ಓಡುತ್ತದೋ ಇಲ್ಲವೋ ಎಂದು ಹೊರಡುವ ಮುಂಚೆ ನೋಡಿಕೊಳ್ಳಿ. ದೊಡ್ಡ ಮ್ಯೂಸಿಯಂಗಳು 24ರಿಂದ 26ರವರೆಗೆ ಮೂರು ದಿನ ಬಾಗಿಲು ಹಾಕುತ್ತವೆ. 280 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳು 25ರಂದು ತೆರೆಯುವಂತಿಲ್ಲ ಎಂದು 2004ರ ಕಾನೂನೇ ಇದೆ. ಮೂಲೆಯ ಚಿಕ್ಕ ಅಂಗಡಿ ತೆರೆದಿದ್ದರೂ ಇರಬಹುದು. ಹಾಲು, ನ್ಯಾಪಿ, ಮಕ್ಕಳ ಜ್ವರದ ಸಿರಪ್ 23ಕ್ಕೇ ಮನೆ ಸೇರಲಿ.

ಹಾಗಾಗಿ ಸುತ್ತಾಟವೆಲ್ಲ ಡಿಸೆಂಬರ್ ಮೊದಲ ವಾರದಿಂದ 23ರೊಳಗೆ. ಅದರಲ್ಲೂ ಶಾಲೆಗೆ ರಜೆ ಶುರುವಾಗುವ ಮುಂಚಿನ ವಾರದ ದಿನಗಳು ಬಂಗಾರ. ಶಾಲೆ ಬಿಟ್ಟ ಮೇಲೆ ಹೊರಟರೂ ಆಗುತ್ತದೆ, ಏಕೆಂದರೆ ಇಲ್ಲಿ ಸೂರ್ಯ ನಾಲ್ಕು ಗಂಟೆಗೆ ಮುಂಚೆಯೇ ಮುಳುಗುತ್ತಾನೆ. ಈ ಕತ್ತಲಿಗೆ ಮೊದಲ ವರ್ಷ ಎಲ್ಲರ ಮನಸ್ಸೂ ಕುಗ್ಗುತ್ತದೆ. ಚಿಕ್ಕ ಮಕ್ಕಳಿರುವವರಿಗೆ ಮಾತ್ರ ಲಾಭವೇ: ನಾಲ್ಕೂವರೆಗೆ ದೀಪ ನೋಡಿ ಆರಕ್ಕೆ ಮನೆ ಸೇರಬಹುದು, ಊಟದ ಹೊತ್ತು, ನಿದ್ದೆಯ ಹೊತ್ತು ಎರಡೂ ಕೆಡುವುದಿಲ್ಲ.

ದೀಪ ನೋಡಲು ನಿಮ್ಮ ಮನೆಗೆ ಹೊಂದುವ ದಾರಿ ಹೇಳುತ್ತೇನೆ. ಇಲ್ಫರ್ಡಿನಿಂದ ಎಲಿಜಬೆತ್ ಲೈನ್ ಹತ್ತಿ ಟಾಟನ್‌ಹ್ಯಾಮ್ ಕೋರ್ಟ್ ರೋಡ್‌ನಲ್ಲಿ ಇಳಿಯಿರಿ. ರಸ್ತೆವರೆಗೆ ಲಿಫ್ಟ್ ಇದೆ, ತಳ್ಳುಗಾಡಿ ಎತ್ತುವ ಕಷ್ಟವಿಲ್ಲ. ಚೇರಿಂಗ್ ಕ್ರಾಸ್ ರೋಡ್ ಹಿಡಿದು ಕೆಳಗೆ ನಡೆದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಟ್ರಫಾಲ್ಗರ್ ಚೌಕ. ಅಲ್ಲಿನ ದೊಡ್ಡ ಕ್ರಿಸ್‌ಮಸ್ ಮರ ನೋಡುವ ಮುಂಚೆ ಪಕ್ಕದ ನ್ಯಾಷನಲ್ ಗ್ಯಾಲರಿಗೆ ನುಗ್ಗಿ. ಪ್ರವೇಶ ಉಚಿತ, ಒಳಗೆ ಬೆಚ್ಚಗಿದೆ, ಶೌಚಾಲಯವಿದೆ. ಈ ಊರಲ್ಲಿ ಮಕ್ಕಳ ಜೊತೆ ತಿರುಗುವವರು ಮೊದಲು ಬಾಯಿಪಾಠ ಮಾಡಬೇಕಾದದ್ದು ಶೌಚಾಲಯಗಳ ಪಟ್ಟಿ.

ಚೌಕದ ಮರವನ್ನು ನಾರ್ವೆಯ ಓಸ್ಲೋ ನಗರ 1947ರಿಂದ ಪ್ರತಿವರ್ಷ ಕಳಿಸುತ್ತದೆ, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಮಾಡಿದ ಉಪಕಾರದ ನೆನಪಿಗೆ. ಇಪ್ಪತ್ತು ಮೀಟರಿಗೂ ಎತ್ತರ. ಆದರೆ ನಾರ್ವೆ ಪದ್ಧತಿಯಂತೆ ಬಿಳಿ ದೀಪಗಳ ಸರ ಮೇಲಿಂದ ಕೆಳಗೆ ನೇರ ಇಳಿಬಿಟ್ಟಿರುತ್ತಾರೆ, ಅಷ್ಟೇ. ಬಣ್ಣದ ಗುಂಡುಗಳನ್ನು ನಿರೀಕ್ಷಿಸಿದ ಮಕ್ಕಳು 'ಇಷ್ಟೇನಾ' ಅಂತಾರೆ. ಮೊದಲೇ ಹೇಳಿ ಕರೆದುಕೊಂಡು ಹೋಗಿ. ಮರದಡಿ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಹಾಡುವ ತಂಡ ಸಿಕ್ಕರೆ ಹತ್ತು ನಿಮಿಷ ನಿಲ್ಲಿ.

ಅಲ್ಲಿಂದ ಉತ್ತರಕ್ಕೆ ಹೋಗುವ 139ನೇ ನಂಬರಿನ ಬಸ್ ಹತ್ತಿ. ಅಜ್ಜಿ ಮತ್ತು ತಳ್ಳುಗಾಡಿಯ ಮಗು ಕೆಳಗೆ, ಜೊತೆಗೆ ನಿಮ್ಮಲ್ಲೊಬ್ಬರು. ಮಗಳು ಇನ್ನೊಬ್ಬರ ಜೊತೆ ಮಹಡಿಗೆ, ಮುಂದಿನ ಸೀಟಿಗೆ. ಬಸ್ ಪಿಕಾಡಿಲಿ ಸರ್ಕಸ್ ದಾಟಿ ರೀಜೆಂಟ್ ಸ್ಟ್ರೀಟಿಗೆ ತಿರುಗಿತೆಂದರೆ ರಸ್ತೆಗೆ ಅಡ್ಡಲಾಗಿ ರೆಕ್ಕೆ ಚಾಚಿದ ದೇವತೆಗಳು, ಮೈತುಂಬ ದೀಪ, ಮಗುವಿನ ಕಣ್ಣಿನ ಮಟ್ಟದಲ್ಲೇ ಒಂದಾದ ಮೇಲೊಂದು ಬರುತ್ತವೆ. ಟ್ರಾಫಿಕ್ ನಿಂತರೆ ಇನ್ನೂ ಒಳ್ಳೆಯದು, ಕಾಸಿಲ್ಲದೆ ಹೆಚ್ಚು ಹೊತ್ತಿನ ಪ್ರದರ್ಶನ. ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಇಳಿದು, ಆ ಹೆಸರಿನ ಸ್ಟೇಷನ್ನಿಗೆ ಮಾತ್ರ ಹೋಗಬೇಡಿ. ಬೀದಿಯಿಂದ ಲಿಫ್ಟ್ ಇಲ್ಲ, ಜನ ಹೆಚ್ಚಾದಾಗ ಗೇಟನ್ನೇ ಮುಚ್ಚುತ್ತಾರೆ. ಐದು ನಿಮಿಷ ನಡೆದು ಹ್ಯಾನೋವರ್ ಸ್ಕ್ವೇರಿಗೆ ಬನ್ನಿ. ಬಾಂಡ್ ಸ್ಟ್ರೀಟ್ ಸ್ಟೇಷನ್ನಿನ ಎಲಿಜಬೆತ್ ಲೈನ್ ಬಾಗಿಲು ಅಲ್ಲೊಂದಿದೆ, ಲಿಫ್ಟ್ ಸಮೇತ. ನೇರ ಇಲ್ಫರ್ಡ್.

ಕೆಡುವುದು ಎಲ್ಲಿ ಅಂದರೆ: ಶನಿವಾರ ಮೆರವಣಿಗೆ ಇದ್ದರೆ ಬಸ್ ದಾರಿ ಬದಲಾಗುತ್ತದೆ. ಗಾಡಿ ಇಡುವ ಜಾಗದಲ್ಲಿ ವೀಲ್‌ಚೇರಿನವರಿಗೆ ಮೊದಲ ಹಕ್ಕು. ಅವರು ಬಂದರೆ ನೀವು ಮಡಚಬೇಕು, ಆದ್ದರಿಂದ ಒಂದೇ ಕೈಯಲ್ಲಿ ಮಡಚಲು ಬರುವ ಹಗುರ ಗಾಡಿ ತನ್ನಿ. ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. 11 ವರ್ಷದೊಳಗಿನ ಮಕ್ಕಳಿಗೆ ಬಸ್ಸೂ ಟ್ಯೂಬೂ ಉಚಿತ, ಟ್ಯೂಬಿನಲ್ಲಿ ದೊಡ್ಡವರು ಜೊತೆಗಿರಬೇಕು. ದೊಡ್ಡವರಿಗೆ ಯಂತ್ರಕ್ಕೆ ಮುಟ್ಟಿಸಿ ದುಡ್ಡು ಕೊಡುವ ಕಾರ್ಡ್ ತಲೆಗೊಂದು ಬೇಕು, ಒಂದನ್ನೇ ಎರಡು ಸಲ ಮುಟ್ಟಿಸಿದರೆ ಆಗದು. ಬೆಳಿಗ್ಗೆ ಕಾರ್ಡ್, ಸಂಜೆ ಫೋನ್ ಮುಟ್ಟಿಸಿದರೆ ಇಬ್ಬರೆಂದು ಲೆಕ್ಕ ಹಾಕುತ್ತದೆ, ಎಷ್ಟು ಓಡಾಡಿದರೂ ದಿನಕ್ಕೆ ಇಷ್ಟೇ ಎಂಬ ಗರಿಷ್ಠ ಮಿತಿಯ ಲಾಭ ತಪ್ಪುತ್ತದೆ.

ಜನಜಂಗುಳಿ ನಮಗೇನು ಹೊಸತೇ, ಮಡಿಕೇರಿ ದಸರಾದಲ್ಲಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬೆಳಗಿನವರೆಗೆ ದಶಮಂಟಪ ನೋಡಿದವರು ನಾವು ಅನ್ನಬಹುದು. ಅಲ್ಲಿ ಸುಸ್ತಾದರೆ ಯಾರದೋ ಜಗಲಿಯಲ್ಲಿ ಮಗುವನ್ನು ಮಲಗಿಸಬಹುದು. ಇಲ್ಲಿ ಜಗಲಿಯೇ ಇಲ್ಲ, ಕೂರಲು ಕಾಫಿ ಅಂಗಡಿಯಲ್ಲೂ ಸಾಲು. ದಿನಕ್ಕೊಂದೇ ಜಾಗ ಇಟ್ಟುಕೊಳ್ಳಿ.

ಬಟ್ಟೆಯ ವಿಷಯ. ಡಿಸೆಂಬರಿನಲ್ಲಿ ಹಗಲು 8–9 ಡಿಗ್ರಿ, ಹಿಮ ಅಪರೂಪ. ಬೀಳುವುದು ಜಿಟಿಜಿಟಿ ಮಳೆ. ಕೊಡಗಿನ ಮಳೆ ಕಂಡವರಿಗೆ ಇದೊಂದು ಮಳೆಯೇ ಅನಿಸುತ್ತದೆ, ಒದ್ದೆ ಕಾಲುಚೀಲದಲ್ಲಿ ಗಾಳಿ ಹೊಡೆದಾಗ ತಿಳಿಯುತ್ತದೆ. ಕೊಡೆ ಬೇಡ, ಗಾಡಿ ತಳ್ಳುವ ಕೈಗೆ ಬಿಡುವಿಲ್ಲ; ಗದ್ದೆಯಲ್ಲಿ ಗೊರಬೆ ಹೊದ್ದ ಹಾಗೆ ತಲೆಮುಸುಕಿನ ಕೋಟೇ ಸರಿ. ಅಜ್ಜಿ ತರುವ ಸ್ವೆಟರ್ ಒಳಪದರಕ್ಕಾಗಲಿ, ಮೇಲೊಂದು ಗಾಳಿ ತಡೆಯುವ ಕೋಟು ಬೇಕೇ ಬೇಕು. ನಡೆಯುವ ಮಗಳಿಗಿಂತ ಗಾಡಿಯಲ್ಲಿ ಸುಮ್ಮನೆ ಕೂತ ಮಗನಿಗೆ ಚಳಿ ಹೆಚ್ಚು: ಕಾಲಿನಿಂದ ಎದೆವರೆಗೆ ಮುಚ್ಚುವ ಗಾಡಿ ಚೀಲ ಹಾಕಿ, ಕೈಗವಸನ್ನು ದಾರದಿಂದ ಜೋಡಿಸಿ ತೋಳಿನೊಳಗಿಂದ ಹಾಯಿಸಿ, ಇಲ್ಲವಾದರೆ ಮೊದಲ ಬೀದಿಯಲ್ಲೇ ಒಂದು ಕಳೆಯುತ್ತದೆ. ಕಾರಿನ ಮಕ್ಕಳ ಸೀಟಿನಲ್ಲಿ ಮಾತ್ರ ದಪ್ಪ ಕೋಟು ತೆಗೆದು ಬೆಲ್ಟ್ ಬಿಗಿಯಿರಿ. ಕೋಟಿನ ಉಬ್ಬು ಒತ್ತಿದಾಗ ಬೆಲ್ಟ್ ಸಡಿಲವಾಗುತ್ತದೆ.

ಹೈಡ್ ಪಾರ್ಕಿನ ವಿಂಟರ್ ವಂಡರ್‌ಲ್ಯಾಂಡ್ ಬಗ್ಗೆ ಎಲ್ಲರೂ ಹೇಳುತ್ತಾರೆ. ದೊಡ್ಡ ಜಾತ್ರೆ, ಪ್ರವೇಶಕ್ಕೆ ಮೊದಲೇ ಸಮಯ ಕಾದಿರಿಸಬೇಕು, ಒಳಗಿನ ಪ್ರತಿ ಆಟಕ್ಕೂ ಬೇರೆ ದುಡ್ಡು. ಶನಿವಾರ ಸಂಜೆ ಹೋದರೆ ನಿಮ್ಮ ಮಗ ಕಾಣುವುದು ಜನರ ಮೊಣಕಾಲು ಮಾತ್ರ. ವಾರದ ದಿನ, ಬೆಳಿಗ್ಗೆ ತೆರೆದ ಕೂಡಲೇ ಹೋಗಿ, ಎರಡೇ ಆಟ ಎಂದು ಮಗಳ ಹತ್ತಿರ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಕ್ಯೂ ಗಾರ್ಡನ್ಸಿನ ದೀಪದ ಹಾದಿ ಚಂದ, ಆದರೆ ಸುಮಾರು ಮೂರು ಕಿಲೋಮೀಟರ್ ಒಮ್ಮುಖದ ನಡಿಗೆ, ಅಜ್ಜಿಯ ಮೊಣಕಾಲಿಗೆ ಆಗುವುದಿಲ್ಲ, ಇಲ್ಫರ್ಡಿಗೂ ದೂರ. ಈ ವರ್ಷ ಬಿಡಿ. ಮಳೆ ಹಿಡಿದ ದಿನಕ್ಕೆ ಕೋವೆಂಟ್ ಗಾರ್ಡನ್ನಿನ ಟ್ರಾನ್ಸ್‌ಪೋರ್ಟ್ ಮ್ಯೂಸಿಯಂ ಇಟ್ಟುಕೊಳ್ಳಿ: ಮಕ್ಕಳಿಗೆ ಉಚಿತ, ಹಳೇ ಬಸ್ಸು ಹತ್ತಿ ಇಳಿಯಬಹುದು, ಪುಟಾಣಿಗಳಿಗೆ ಆಟದ ಮೂಲೆಯೂ ಇದೆ. ಕೋವೆಂಟ್ ಗಾರ್ಡನ್ ಸ್ಟೇಷನ್ನಿನಲ್ಲಿ ಲಿಫ್ಟಿಗೆ ಸಾಲು ಕಂಡು ಮೆಟ್ಟಿಲು ಹಿಡಿಯಬೇಡಿ, 193 ಸುರುಳಿ ಮೆಟ್ಟಿಲುಗಳಿವೆ.

ಐದು ವರ್ಷದವಳಿಗೆ ಒಂದೇ ಒಂದು ಟಿಕೆಟ್ ಕೊಳ್ಳುವುದಾದರೆ ಪ್ಯಾಂಟೊಮೈಮಿಗೆ ಕೊಳ್ಳಿ. ಹೆಸರು ಮೂಕಾಭಿನಯದಂತಿದ್ದರೂ ಇದು ಗದ್ದಲದ ನಾಟಕ, ನಮ್ಮ ಕಂಪನಿ ನಾಟಕಗಳ ದಾಯಾದಿ. ದಪ್ಪ ಬಣ್ಣ ಬಳಿದು ಹೆಂಗಸಿನ ವೇಷ ಹಾಕಿದ ಗಂಡಸು ಇರುತ್ತಾನೆ. ಖಳ ಬಂದಾಗ ಸಭೆ ಹೋ ಎಂದು ಕೂಗಬೇಕು, ಅವನು ನಾಯಕನ ಬೆನ್ನ ಹಿಂದೆ ನುಸುಳಿದಾಗ 'ನಿನ್ನ ಹಿಂದೇ ಇದ್ದಾನೆ' ಎಂದು ಇಂಗ್ಲಿಷಿನಲ್ಲಿ ಮಕ್ಕಳೆಲ್ಲ ಅರಚಬೇಕು. ಸುಮ್ಮನಿರು ಅಂತ ಮಗಳನ್ನು ಗದರಿಸಬೇಡಿ. ನಡುಪೇಟೆಯ ವೆಸ್ಟ್ ಎಂಡಿನ ಪಲೇಡಿಯಂ ರಂಗಮಂದಿರದ್ದು ದ್ವಂದ್ವಾರ್ಥದ ಮಾತಿಗೆ ಪ್ರಸಿದ್ಧ, ಅಷ್ಟು ಚಿಕ್ಕವರಿಗಲ್ಲ. ಹ್ಯಾಕ್ನಿ ಎಂಪೈರ್ ನಿಮಗೆ ಹತ್ತಿರ. ಇನ್ನೂ ಚಿಕ್ಕ ಸ್ಥಳೀಯ ರಂಗಮಂದಿರವಾದರೆ ಟಿಕೆಟ್ ಅಗ್ಗ. ಕೊನೇ ಸಾಲಿನ ಅಂಚಿನ ಸೀಟು ಹಿಡಿಯಿರಿ, ಮಗ ಅತ್ತರೆ ಎದ್ದು ಬರಲು ಸುಲಭ. ಸದ್ದು ಬೆಳಕು ತಗ್ಗಿಸಿದ 'ರಿಲ್ಯಾಕ್ಸ್ಡ್' ಪ್ರದರ್ಶನಗಳನ್ನೂ ಹಲವರು ಇಡುತ್ತಾರೆ. ಸ್ಯಾಂಟಾನನ್ನು ಕಾಣಲು ಅಂಗಡಿಗಳಲ್ಲಿ ಕಟ್ಟುವ ಗುಹೆಗಳ ಒಳ್ಳೆಯ ಸಮಯಗಳೆಲ್ಲ ಅಕ್ಟೋಬರಿಗೇ ಮುಗಿದಿರುತ್ತವೆ. ಚಿಂತೆ ಬೇಡ, ಶಾಲೆಯ ಕ್ರಿಸ್‌ಮಸ್ ಮೇಳದಲ್ಲಿ ಗಡ್ಡ ಅಂಟಿಸಿಕೊಂಡ ಯಾರದೋ ಅಪ್ಪ ಸಿಗುತ್ತಾರೆ, ಮಗಳಿಗೆ ಅಷ್ಟು ಸಾಕು.

ಇನ್ನು ಬೀದಿಯ ಚರ್ಚು. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನಲ್ಲಿ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ದೃಶ್ಯ) ನೋಡಿ ಬೆಳೆದ ಮಕ್ಕಳಂತೆಯೇ ಇಲ್ಲಿಯೂ ಯಾವ ಧರ್ಮದವರಾದರೂ ಹೋಗಬಹುದು. 24ರ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಅನೇಕ ಚರ್ಚುಗಳಲ್ಲಿ ಮಕ್ಕಳ ಗೋದಲಿ ಪ್ರಾರ್ಥನೆ ಇರುತ್ತದೆ. ಕುರುಬ, ದೇವದೂತರ ವೇಷದಲ್ಲೇ ಮಕ್ಕಳು ಬರುತ್ತಾರೆ, ಅರ್ಧ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಇನ್ನೊಂದು ಕ್ರಿಸ್ಟಿಂಗಲ್. ಪ್ರತಿ ಮಗುವಿಗೂ ಒಂದು ಕಿತ್ತಳೆ: ಅದು ಭೂಮಿ. ನಡುವಿಗೆ ಸುತ್ತಿದ ಕೆಂಪು ಪಟ್ಟಿ ಕ್ರಿಸ್ತನ ರಕ್ತ. ಚುಚ್ಚಿದ ನಾಲ್ಕು ಕಡ್ಡಿಗಳಲ್ಲಿ ಒಣದ್ರಾಕ್ಷಿ, ಮಿಠಾಯಿ, ಅವು ನಾಲ್ಕು ಋತು. ನೆತ್ತಿಯಲ್ಲಿ ಮೇಣದಬತ್ತಿ. 1968ರಲ್ಲಿ ಇಂಗ್ಲೆಂಡಿನ ಚರ್ಚುಗಳಿಗೆ ಬಂದ ಆಚರಣೆ. ಮನೆಯಲ್ಲಿ ಮಾಡುವುದಾದರೆ ಗಟ್ಟಿ ಸಿಪ್ಪೆಯ ಕಿತ್ತಳೆಯೇ ತನ್ನಿ. ಸ್ಯಾಟ್ಸುಮಾ ನಮ್ಮ ಕೊಡಗಿನ ಕಿತ್ತಳೆಯಂತೆ ಸಿಪ್ಪೆ ಸಡಿಲ, ತಿನ್ನಲು ಚೆನ್ನ, ಬತ್ತಿ ನಿಲ್ಲುವುದಿಲ್ಲ. ಚರ್ಚಿನಲ್ಲಿ ಮಗಳ ಜಡೆ ಹಿಂದಕ್ಕೆ ಕಟ್ಟಿ, ಮುಂದಿನ ಸಾಲಿನ ಕೂದಲಿಗೂ ಬತ್ತಿಗೂ ಅಂತರವಿರಲಿ.

ತಿಂಡಿಯಲ್ಲಿ ಎರಡು ಎಚ್ಚರಿಕೆ. ಮಿನ್ಸ್ ಪೈಯೊಳಗೆ ಈಗ ಮಾಂಸವಿಲ್ಲ, ಒಣದ್ರಾಕ್ಷಿಯ ಹೂರಣ. ಆದರೆ ಕೆಲವಕ್ಕೆ ದನದ ಕೊಬ್ಬು ಹಾಕುತ್ತಾರೆ, ಬ್ರಾಂದಿಯೂ ಇರಬಹುದು, ಡಬ್ಬಿ ಓದಿ. ಬಿಸಿ ಚಾಕೊಲೇಟಿನ ಮೇಲಿನ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಹಂದಿಯ ಜೆಲಾಟಿನ್. ಪಂದಿಕರಿ ಉಣ್ಣುವ ಮನೆಯಾದರೆ ಈ ಸಾಲು ಬಿಟ್ಟು ಓದಿ.

25ರಂದು ನಡೆದು ಹೋಗುವಷ್ಟು ದೂರದ ಪಾರ್ಕು ಸಾಕು, ನಿಮಗಾದರೆ ವ್ಯಾಲೆಂಟೈನ್ಸ್ ಪಾರ್ಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊಸ ಸೈಕಲ್, ಹೊಸ ಸ್ಕೂಟರಿನ ಮಕ್ಕಳೇ ಕಾಣುತ್ತಾರೆ. ನಾಲ್ಕಕ್ಕೆ ಕತ್ತಲಾದ ಮೇಲೆ ನಿಮ್ಮದೇ ಬೀದಿಯಲ್ಲಿ ಒಂದು ಸುತ್ತು ಹಾಕಿ; ಯಾವ ಮನೆಯ ಕಿಟಕಿಯಲ್ಲಿ ಎಷ್ಟು ಹಿಮಸಾರಂಗ ಎಂದು ಮಗಳು ಎಣಿಸಲಿ, ಅಜ್ಜಿಗೆ ಲೆಕ್ಕ ಒಪ್ಪಿಸಲಿ.