ಮೋಟಾರಿನ ತಗಡು, ಮನೆಯ ಕರೆಂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೇರೆ ದೇಶದಿಂದ ಬಂದ ಬೆಂಚ್ ಗ್ರೈಂಡರ್ ಇದೆ. ತಗಡಿನ ಮೇಲೆ 120 ವೋಲ್ಟ್, 60 ಹರ್ಟ್ಸ್, 3 ಆಂಪಿಯರ್, 3450 ಆರ್‌ಪಿಎಂ ಎಂದಿದೆ. ಮನೆಯಲ್ಲಿರುವುದು 230 ವೋಲ್ಟ್, 50 ಹರ್ಟ್ಸ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ಸಾಕೇ?

ಉತ್ತರ: ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಮುಟ್ಟುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. 3450 ಎಂಬ ವೇಗ ನೋಡಿದರೆ ನಿಮ್ಮದು ಎರಡು ಪೋಲಿನ (ಎರಡು ಕಾಂತ ಧ್ರುವದ) ಇಂಡಕ್ಷನ್ ಮೋಟಾರು, ಅಂದರೆ ಕಾರ್ಬನ್ ಬ್ರಷ್ ಇಲ್ಲದ್ದು. ಇಂಥದ್ದಕ್ಕೆ ವೋಲ್ಟನ್ನು ಹರ್ಟ್ಸಿನಿಂದ ಭಾಗಿಸಿದಾಗ ಬರುವ ಅಂಕಿ ಮುಖ್ಯ. 120ನ್ನು 60ರಿಂದ ಭಾಗಿಸಿದರೆ 2. 50 ಹರ್ಟ್ಸಿನಲ್ಲೂ ಅದು 2 ಆಗಿಯೇ ಉಳಿಯಬೇಕಾದರೆ ಕೊಡಬೇಕಾದ್ದು 100 ವೋಲ್ಟ್, 120 ಅಲ್ಲ. 120 ಕೊಟ್ಟರೆ ಅಂಕಿ 2.4ಕ್ಕೆ ಏರುತ್ತದೆ, ಒಳಗಿನ ಕಬ್ಬಿಣ ಕಾಂತತೆಯಿಂದ ತುಂಬಿಹೋಗಿ, ಕಲ್ಲು ಖಾಲಿ ತಿರುಗುವಾಗಲೇ ಕರೆಂಟು ಹೆಚ್ಚಿ ಕಾಯಿಲ್ ಕಾಯುತ್ತದೆ. ನೇರ 230ಕ್ಕೆ ಚುಚ್ಚಿದರೆ 4.6. ಸುಡಲು ಹೆಚ್ಚು ಹೊತ್ತು ಬೇಡ.

ಹಾಗಾಗಿ 100 ವೋಲ್ಟಿನ ಟ್ಯಾಪ್ (ಆ ವೋಲ್ಟೇಜ್ ಹೊರಬರುವ ತುದಿ) ಇರುವ ಟ್ರಾನ್ಸ್‌ಫಾರ್ಮರ್ ಕೇಳಿ. ಅಳತೆ? 120ನ್ನು 3ರಿಂದ ಗುಣಿಸಿದರೆ 360 ವಿಎ (ವೋಲ್ಟ್-ಆಂಪಿಯರ್), ಆದರೆ ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರು ಐದಾರು ಪಟ್ಟು ಕರೆಂಟು ಎಳೆಯುತ್ತದೆ. 1000 ವಿಎಗಿಂತ ಚಿಕ್ಕದು ಬೇಡ. ವೇಗ ಸುಮಾರು 2870ಕ್ಕೆ ಇಳಿಯುತ್ತದೆ, ಪವರೂ ಆರರಲ್ಲೊಂದು ಪಾಲು ಕಡಿಮೆ, ಅದು ಅಪಾಯವಲ್ಲ. ತಿರುವುಮುರುವಾದರೆ, ಅಂದರೆ 50 ಹರ್ಟ್ಸಿನ ಗ್ರೈಂಡರನ್ನು 60ಕ್ಕೆ ಹಾಕಿದರೆ, ಕಲ್ಲು ಶೇ. 20ರಷ್ಟು ಜೋರಾಗಿ ತಿರುಗುತ್ತದೆ. ಆಗ ಕಲ್ಲಿನ ಮೇಲೆ ಬರೆದಿರುವ ಗರಿಷ್ಠ ಆರ್‌ಪಿಎಂ ನೋಡದೆ ಸ್ವಿಚ್ ಒತ್ತಬಾರದು.

ಕಾರ್ಬನ್ ಬ್ರಷ್ ಇರುವ ಮಿಕ್ಸಿ, ಕೈ ಡ್ರಿಲ್‌ಗಳಿಗೆ ಈ ಹರ್ಟ್ಸಿನ ರಗಳೆ ಇಲ್ಲ. ವೋಲ್ಟೇಜ್ ಹೊಂದಿದರೆ ಆಯಿತು.

ಪ್ರಶ್ನೆ: ತ್ರೀ ಫೇಸ್ ಮೋಟಾರಿನ ಮೇಲೆ 230/400 ಎಂದು ಬರೆದಿದೆ. ಸಿಂಗಲ್ ಫೇಸ್ ಮನೆಯಲ್ಲಿ ಓಡಿಸಬಹುದೇ?

ಉತ್ತರ: ಓಡಿಸಬಹುದು, ವಿಎಫ್‌ಡಿ ಇದ್ದರೆ, ಅಂದರೆ ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿಕೊಡುವ ಎಲೆಕ್ಟ್ರಾನಿಕ್ ಡ್ರೈವ್ ಇದ್ದರೆ. ಸಿಂಗಲ್ ಫೇಸ್ 230 ಒಳಗೆ, ತ್ರೀ ಫೇಸ್ 230 ಹೊರಗೆ ಬರುವಂಥದ್ದು ತೆಗೆದುಕೊಳ್ಳಿ. ಮೋಟಾರಿನ ಡಬ್ಬಿ ಬಿಚ್ಚಿದರೆ ಆರು ಬೋಲ್ಟು ಕಾಣುತ್ತವೆ. ಒಂದು ಸಾಲಿನ ಮೂರನ್ನೂ ಹಿತ್ತಾಳೆ ಪಟ್ಟಿ ಅಡ್ಡಲಾಗಿ ಸೇರಿಸಿದ್ದರೆ ಅದು ಸ್ಟಾರ್, 400ಕ್ಕೆ. ಪಟ್ಟಿಗಳನ್ನು ಬಿಚ್ಚಿ, ಎದುರುಬದುರು ಬೋಲ್ಟುಗಳನ್ನು ಜೋಡಿ ಜೋಡಿಯಾಗಿ ಸೇರಿಸಿ: ಅದು ಡೆಲ್ಟಾ, 230ಕ್ಕೆ. ಡ್ರೈವ್‌ಗೂ ಮೋಟಾರಿಗೂ ನಡುವೆ ಸ್ವಿಚ್ ಹಾಕಿ ಓಡುವಾಗ ಆಫ್ ಮಾಡಬೇಡಿ, ಡ್ರೈವ್ ಹೋಗುತ್ತದೆ. ತಗಡಿನಲ್ಲಿ 400/690 ಇದ್ದರೆ ಈ ಉಪಾಯ ನಡೆಯದು. ಡೆಲ್ಟಾದಲ್ಲೂ ಅದಕ್ಕೆ 400 ಬೇಕು, 230ರಲ್ಲಿ ತಿರುಚುಬಲ ಮೂರನೇ ಒಂದು ಭಾಗಕ್ಕೆ ಕುಸಿಯುತ್ತದೆ.

ಪ್ರಶ್ನೆ: ಮನೆಯಿಂದ 40 ಮೀಟರ್ ದೂರದ ಪಂಪು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಪಂಪು ಆಫ್ ಇದ್ದಾಗ ಮೀಟರು 225 ವೋಲ್ಟ್ ತೋರಿಸುತ್ತದೆ. ವೈರು 1.5 ಚದರ ಮಿಮೀ ತಾಮ್ರ.

ಉತ್ತರ: ಆಫ್ ಇದ್ದಾಗ ಅಳೆದ 225ಕ್ಕೆ ಬೆಲೆಯಿಲ್ಲ. ಹೋಗಿ ಬರುವ ದಾರಿ ಸೇರಿ 80 ಮೀಟರ್, ಆ ವೈರಿನ ರೋಧ ಸುಮಾರು 0.93 ಓಮ್. ಸ್ಟಾರ್ಟಿನಲ್ಲಿ 50 ಆಂಪಿಯರ್ ಎಳೆದರೆ ವೈರಿನಲ್ಲೇ 46 ವೋಲ್ಟ್ ಹೋಯಿತು, ಪಂಪಿಗೆ ಉಳಿದದ್ದು 179. ತಿರುಚುಬಲ ವೋಲ್ಟೇಜಿನ ವರ್ಗದಂತೆ ಇಳಿಯುವುದರಿಂದ 230ರಲ್ಲಿ ಇರುವುದರ ಶೇ. 60 ಮಾತ್ರ ಸಿಗುತ್ತದೆ. 4 ಚದರ ಮಿಮೀ ವೈರು ಹಾಕಿದರೆ ನಷ್ಟ 18 ವೋಲ್ಟಿನ ಆಸುಪಾಸು.

ಅದಾದ ಮೇಲೂ ಗುಂಯ್ ಎಂದರೆ ಕೆಪಾಸಿಟರ್ ಬದಲಿಸಿ. ಮುಟ್ಟುವ ಮೊದಲು ಮೇನ್ ಆಫ್ ಮಾಡಿ, ರೆಸಿಸ್ಟರ್ ಮೂಲಕ ಅದರ ಚಾರ್ಜ್ ಇಳಿಸಿ. ಮೈಕ್ರೋಫ್ಯಾರಡ್ ಹಳೆಯದರಷ್ಟೇ ಇರಲಿ. ರನ್ ಕೆಪಾಸಿಟರ್ (ಮೋಟಾರು ಓಡುವಷ್ಟು ಹೊತ್ತೂ ಕೆಲಸ ಮಾಡುವಂಥದ್ದು) ಆದರೆ 440 ವೋಲ್ಟಿನದೇ ಹಾಕಿ. ಸಪ್ಲೈ 230 ಎಂದು 250ರದು ಹಾಕಬೇಡಿ, ಓಡುವಾಗ ಅದರ ಎರಡು ತುದಿಗಳ ನಡುವೆ ಸಪ್ಲೈಗಿಂತ ಹೆಚ್ಚು ವೋಲ್ಟೇಜ್ ಬೀಳುತ್ತದೆ.