ಆಲೆಮನೆಯ ಅಜ್ಜಿ ನನಗಿನ್ನೂ ಕಾಣಲಿಲ್ಲ

ನಮಸ್ಕಾರ.

ಮಂಡ್ಯದ ಹತ್ತಿರದ ಆಲೆಮನೆಯಲ್ಲಿ ಒಲೆಗೆ ಉರಿ ಹಾಕುವ ಕೂಲಿಗೆ ಸೇರಿ, ಬೆಲ್ಲದ ಪಾಕದ ಹದ ನೋಡುವಷ್ಟು ಕೆಲಸ ಕಲಿತು, ಮೂವರು ಮೊಮ್ಮಕ್ಕಳನ್ನು ಸಾಕಿದ ಅಜ್ಜಿಯ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಇಂಥವರನ್ನು ಹುಡುಕಿಕೊಂಡು ಹೋಗುವವರೇ ಕಮ್ಮಿ, ನೀವು ಹೋಗಿದ್ದೀರಿ.

ಮೊದಲ ಪುಟದ ತುಂಬ 'ಎಲೆಮರೆಯ ಕಾಯಿ', 'ಅಪರೂಪದ ಸಾಧಕಿ' ಎಂಬ ಮಾತುಗಳಿವೆ. ಅಜ್ಜಿ ನನಗೆ ಕಾಣಲಿಲ್ಲ. ಎಷ್ಟು ಹೊತ್ತಿಗೆ ಏಳುತ್ತಾರೆ? ದಿನದ ಕೂಲಿ ಎಷ್ಟು? ಆಲೆ ನಿಂತ ತಿಂಗಳುಗಳಲ್ಲಿ ಮನೆ ಹೇಗೆ ನಡೆಯಿತು?

ನಾಲ್ಕನೇ ಪುಟದಲ್ಲಿ ಒಂದು ಸಾಲಿದೆ. ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ, ಅಜ್ಜಿ 'ಇಳ್ಸಿ' ಅಂದರೆ ಮಾಲೀಕರೂ ಎದುರು ಮಾತಾಡುವುದಿಲ್ಲ ಅಂತ. ಅಲ್ಲಿ ಓದು ನಿಲ್ಲಿಸಿ ಸುಮ್ನೆ ಕೂತೆ. ಹದಕ್ಕೆ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗುವುದಿಲ್ಲ, ತಡವಾದರೆ ಸೀದು ಹೋಗುತ್ತದೆ. ಒಂದು ಕೊಪ್ಪರಿಗೆ ಕಬ್ಬಿನ ಹಾಲು, ಅದರ ಹಿಂದಿರುವ ರೈತನ ಬೆವರು, ಎಲ್ಲವೂ ಆ ಬೆರಳುಗಳನ್ನು ನಂಬಿಕೊಂಡಿದೆ. ಅಷ್ಟನ್ನೂ ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀರಲ್ಲ! ಲೇಖನ ಅಲ್ಲಿಂದಲೇ ಶುರುವಾಗಲಿ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಸಿಕೊಳ್ಳಿ. ಕುಂದೂರು ಬೆಟ್ಟದಲ್ಲಿ ಕುರಿ ಮೇಯಿಸುತ್ತಾ, ಪ್ರಾಣಿ ಪಕ್ಷಿಗಳಿಗೆ ನೀರಿಲ್ಲದ್ದು ಕಂಡು ಕಟ್ಟೆಗಳನ್ನು ತೋಡಿದವರು. 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಹೆಸರು ಹೇಳಿದ ಮೇಲೆ ದೇಶಕ್ಕೆಲ್ಲ ಗೊತ್ತಾದರು. 2022ರಲ್ಲಿ ತೀರಿಕೊಂಡರು. 'ಪರಿಸರ ಪ್ರೇಮಿ' ಅಂತ ಬರೆದರೆ ನನಗೇನೂ ನೆನಪಿರುವುದಿಲ್ಲ. ಹಾರೆ, ಗುದ್ದಲಿಗೆ ದುಡ್ಡು ಹೊಂದಿಸಲು ಕುರಿ ಮಾರಿದರು ಅಂತ ಬರೆದರೆ ಮರೆಯಲು ಆಗುವುದಿಲ್ಲ. ಕುರಿ ಕಾಯುವವರು ಕುರಿ ಮಾರುವುದೆಂದರೆ ಏನು ಅಂತ ನಮ್ಮ ಕಡೆ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಅಜ್ಜಿಯ ಮಾತನ್ನು ತಿದ್ದಬೇಡಿ. 'ನಾನು ಬಹಳ ಸಂಕಷ್ಟಗಳನ್ನು ಎದುರಿಸಿದ್ದೇನೆ' ಅಂತ ಅವರು ಖಂಡಿತ ಹೇಳಿರಲಾರರು. 'ಒಲೆ ಆರುಸ್ಬುಟ್ಟು ಅಳಕ್ಕಾಯ್ತದಾ ಮಗ?' ಅನ್ನುವುದೊಂದು ಹೇಗೋ ಉಳಿದುಕೊಂಡಿದೆ. ಇಡೀ ಲೇಖನದಲ್ಲಿ ನನಗೆ ತುಂಬಾ ಹಿಡಿಸಿದ್ದು ಅದು.

ಕೊನೆಗೆ, ಮಗನ ಕುಡಿತ ಮತ್ತು ಸಾಲದ ಸಂಗತಿ. ಅಜ್ಜಿ ನಿಮ್ಮನ್ನು ನಂಬಿ ಹೇಳಿದ್ದಾರೆ. ಅದು ಅಚ್ಚಾಗುತ್ತದೆ ಅಂತ ಅವರಿಗೆ ಗೊತ್ತೇ? ಹೊಸದಾಗಿ ವರದಿಗಾರನಾದಾಗ ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ವ್ಯಾಪಾರಿಯೊಬ್ಬರ ಮನೆ ವಿಷಯವನ್ನು ಕೇಳದೆ ಬರೆದಿದ್ದೆ. ಪೇಪರ್ ಬಂದ ದಿನ ಅವರು ನನ್ನ ಮುಖ ನೋಡಲಿಲ್ಲ. ಆ ಹೂವಿನಂಗಡಿ ಸಾಲಿನಲ್ಲಿ ಹೋಗುವಾಗ ಇವತ್ತಿಗೂ ನನಗೆ ಕಾಲು ತಡೆಯುತ್ತದೆ.

ಗಾಣ ಆಡುವ ದಿನ ಇನ್ನೊಮ್ಮೆ ಹೋಗಿ. ಪ್ರಶ್ನೆ ಜಾಸ್ತಿ ಕೇಳಬೇಡಿ, ಒಲೆಯ ಪಕ್ಕ ಕೂತು ನೋಡಿ. ಬರೆದ ಮೇಲೆ ಅಜ್ಜಿಗೆ ಓದಿ ಹೇಳಿ, ಬೇಡ ಅಂದದ್ದನ್ನು ತೆಗೆಯಿರಿ. ಆಮೇಲೆ ನನಗೇ ಕಳಿಸಿ. ಕಾಯುತ್ತಿರುತ್ತೇನೆ.